ಸೀಮೆಹುಲ್ಲಿನ ಲೆಕ್ಕ: ಎರಡು ಹಸುಗೆ ಎಷ್ಟು ಗುಂಟೆ ಬೇಕು?

ತಳಿಗಳ ಬಗ್ಗೆ ಜಾಸ್ತಿ ಬರಿಯಲ್ಲ. ನಮ್ ಮಂಡ್ಯ ಕಡೆ ಸೀಮೆಹುಲ್ಲು ಅನ್ನೋದ್ರಲ್ಲಿ ಈಗ ಜಾಸ್ತಿ ಇರೋದು ಹೈಬ್ರಿಡ್ ನೇಪಿಯರ್ರೇ, ಸಿಒ-4, ಡಿಎಚ್‌ಎನ್-6 ಎಲ್ಲಾ ಸಜ್ಜೆಗೂ ನೇಪಿಯರ್‌ಗೂ ಕ್ರಾಸ್ ಮಾಡಿರೋವು. ಸಜ್ಜೆದು 14 ಕ್ರೋಮೋಸೋಮು, ನೇಪಿಯರ್‌ದು 28, ಎರಡರಲ್ಲೂ ಅರ್ಧರ್ಧ ಬಂದು 21 ಆಗುತ್ತೆ, ಜೋಡಿ ಸರಿಯಾಗಿ ಕೂರಲ್ಲ, ಬೀಜ ಕಟ್ಟಲ್ಲ. ಅದಕ್ಕೇ ಎರಡು ಗೆಣ್ಣಿರೋ ಕಡ್ಡಿ ನೆಡೋದು. ಇದರ ಬೀಜ ಅಂತ ಯಾರಾದ್ರೂ ಪ್ಯಾಕೆಟ್ ತೋರಿಸಿದ್ರೆ ದುಡ್ಡು ಕೊಡ್ಬೇಡಿ.

ಈಗ ತಲೆ ಕೆಡಿಸೋ ಭಾಗ, ಒಣ ಅಂಶ, ಅಂದ್ರೆ ಮೇವಲ್ಲಿ ನೀರು ಬಿಟ್ಟು ಉಳಿಯೋದು. 400 ಕೆಜಿ ತೂಗೋ ಕರೆಯೋ ಹಸುಗೆ ತೂಕದ 3%, ಅಂದ್ರೆ ದಿನಕ್ಕೆ 12 ಕೆಜಿ ಒಣ ಅಂಶ ಬೇಕು ಅನ್ಕೊಳ್ಳಿ. ಹಿಂಡಿ ಬೂಸಾದಿಂದ 4, ರಾಗಿಹುಲ್ಲಿಂದ 3, ಉಳಿದ 5 ಸೀಮೆಹುಲ್ಲಿಂದ. ಹಸಿ ಹುಲ್ಲಲ್ಲಿ ಒಣ ಅಂಶ ಸುಮಾರು 20% ಅಂತ ನೋಡಿದ ತಕ್ಷಣ ಕೈ 5ನ 20%ಗೆ ಗುಣಿಸೋಕೆ ಹೋಗುತ್ತೆ, ಉತ್ತರ 1 ಕೆಜಿ ಬರುತ್ತೆ, ಅಷ್ಟು ಹಾಕಿದ್ರೆ ಹಸು ಗೋದಲಿ ನೆಕ್ಕಬೇಕಷ್ಟೇ! ಗುಣಿಸೋದಲ್ಲ, ಭಾಗಿಸೋದು. ಆಗ ಕುಯ್ದ ಒಂದು ಕೆಜಿ ಹುಲ್ಲು ಪೂರ್ತಿ ಒಣಗಿಸಿದ್ರೆ ಉಳಿಯೋದು 200 ಗ್ರಾಂ, ಮಿಕ್ಕಿದ್ದೆಲ್ಲಾ ನೀರು. ಅಂದ್ರೆ ಒಂದು ಕೆಜಿ ಒಣ ಅಂಶಕ್ಕೆ 5 ಕೆಜಿ ಹಸಿ ಹುಲ್ಲು, 5 ಕೆಜಿಗೆ 25. ರಾಗಿಹುಲ್ಲಲ್ಲಿ 90% ಒಣ ಅಂಶನೇ ಇರೋದ್ರಿಂದ 3ಕ್ಕೆ 3.3 ಕೆಜಿ ಸಾಕು.

ಇನ್ನು ಜಾಗ. ಪುಸ್ತಕದಲ್ಲೆಲ್ಲಾ ಹೆಕ್ಟೇರ್ ಲೆಕ್ಕ, ನಮ್ಮೋರಿಗೆ ಗುಂಟೆ. ಹೆಕ್ಟೇರಿಗೆ ಹತ್ತಿರ ಹತ್ತಿರ 100 ಗುಂಟೆ ಅಂತ ಇಟ್ಕೊಂಡ್ರೆ ಎರಡು ಸೊನ್ನೆ ಹೊಡೆದ್ರೆ ಮುಗೀತು. ನೀರು ಗೊಬ್ಬರ ಚೆನ್ನಾಗಿ ಕೊಟ್ರೆ ವರ್ಷಕ್ಕೆ ಹೆಕ್ಟೇರಿಗೆ 300 ಟನ್, ಅಂದ್ರೆ ಗುಂಟೆಗೆ 3 ಟನ್, ದಿನಕ್ಕೆ ಗುಂಟೆಗೆ 8 ಕೆಜಿ. ಎರಡು ಹಸುಗೆ 50 ಕೆಜಿ, ಆರು ಚಿಲ್ಲರೆ ಗುಂಟೆ. ಆದ್ರೆ ಬೇಸಿಗೇಲಿ ನಾಲೆ ನೀರು ನಿಂತ್ರೆ ಈ 8 ಕೆಜಿ ಎಲ್ಲಿಂದ ಬರುತ್ತೆ, ನಾನಂತೂ ಡಬಲ್ ಮಾಡಿ 12 ಗುಂಟೆ ಅಂತಲೇ ಬರ್ಕೊಂಡಿದೀನಿ.

ಹಸಿ ಮೇವಿಗೆ ಬರೀ ಸೀಮೆಹುಲ್ಲನ್ನೇ ಹಾಕಿದ್ರೆ ಪ್ರೋಟೀನ್ ಸಾಲಲ್ಲ, ಅಲಸಂದೆನೋ ಕುದುರೆಮೆಂತ್ಯನೋ ಜೊತೆಗಿರ್ಲಿ.

ಮೊದಲನೇ ಕೊಯ್ಲು 70-80 ದಿನಕ್ಕೆ, ಆಮೇಲೆ ಕೂಳೆ, ಅಂದ್ರೆ ಕುಯ್ದ ಬುಡದಿಂದ ಮತ್ತೆ ಚಿಗುರೋದು, 45 ದಿನಕ್ಕೊಂದ್ಸಲ. ಆ 12 ಗುಂಟೇನ 45 ಪಟ್ಟಿ ಮಾಡ್ಕೊಂಡು ದಿನಕ್ಕೊಂದು ಕುಯ್ಯೋದು, ಕುಯ್ದಿದ್ದಕ್ಕೆ ಯೂರಿಯಾ ಹಾಕಿ ನೀರು ಬಿಡೋದು, ಕೊನೆ ಪಟ್ಟಿ ಮುಗಿಯೋಷ್ಟ್ರಲ್ಲಿ ಮೊದಲನೇದು ರೆಡಿ. ತಡ ಮಾಡಿದ್ರೆ ದಂಟು ಬಲಿಯುತ್ತೆ, ಹಸು ಗರಿ ತಿಂದು ದಂಟು ಹಂಗೇ ಬಿಡುತ್ತೆ, ಆವಾಗ 25 ಕೆಜಿ ಹಾಕಿದ್ರೂ ಹೊಟ್ಟೆಗೆ ಹೋಗೋದು ಕಮ್ಮಿನೇ.