ಕೈಗೆ ಓಟು ಹಾಕಿದವರು ಕೇಳುತ್ತಲೇ ಬಂದದ್ದು: ಪಟ್ಟಾ ಯಾವಾಗ?

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಆರು ಕ್ಷೇತ್ರಗಳ ಪೈಕಿ ನಾಲ್ಕನ್ನು ಕಾಂಗ್ರೆಸ್ ಗೆದ್ದಿತು. ಕಾರವಾರ, ಭಟ್ಕಳ, ಶಿರಸಿ, ಹಳಿಯಾಳ. ಶಿರಸಿಯಲ್ಲಂತೂ ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರೇ ಭೀಮಣ್ಣ ನಾಯ್ಕರ ಎದುರು ಸೋತರು. ಒಂದು ವರ್ಷ ಕಳೆಯಿತು. 2024ರ ಲೋಕಸಭೆಗೆ ಅದೇ ಕಾಗೇರಿಯವರು ಬಿಜೆಪಿಯಿಂದ ನಿಂತರು. ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ್ ಅವರನ್ನು 3.37 ಲಕ್ಷ ಮತಗಳಿಂದ ಸೋಲಿಸಿದರು.

ಮೋದಿ ಹವಾ ಅಂತ ಹೇಳಿ ಮಾತು ಮುಗಿಸಬಹುದು. ಅದರಲ್ಲಿ ಸುಳ್ಳೇನಿಲ್ಲ. ಆದರೆ ಈ ಜಿಲ್ಲೆಯ ಜನ ವಿರೋಧ ಪಕ್ಷದಲ್ಲಿರುವ ಕಾಂಗ್ರೆಸ್ಸಿನಿಂದ ಏನು ಬಯಸುತ್ತಾರೆ ಅನ್ನುವುದಕ್ಕೆ ಮೋದಿಗಿಂತ ಹಳೆಯ ಕಥೆ ಇದೆ. ಆ ಕಥೆ ಹೆಚ್ಚಾಗಿ ಜಾಗದ್ದು. ಉಳುವ ಜಾಗ, ಮನೆ ಕಟ್ಟಿಕೊಂಡ ಜಾಗ, ಅದಕ್ಕೊಂದು ಕಾಗದ, ಅಂದರೆ ಪಟ್ಟಾ.

ಕಾಂಗ್ರೆಸ್ ಇಲ್ಲಿ ನಿಜವಾದ ಅರ್ಥದಲ್ಲಿ ವಿರೋಧ ಪಕ್ಷವಾಗಿದ್ದು ಬ್ರಿಟಿಷರ ಕಾಲದಲ್ಲಿ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ ಚಳವಳಿ. ಕಂದಾಯ ಕಟ್ಟುವುದಿಲ್ಲ ಎಂದವರ ಜಮೀನು, ದನಕರು, ಪಾತ್ರೆಪಗಡೆ ಎಲ್ಲ ಜಪ್ತಿಯಾದವು. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಪ್ರಾಂತ್ಯದ ಚುನಾವಣೆ ಬಂದಾಗ ಜನರಿಗಿದ್ದ ದೊಡ್ಡ ಆಸೆ ಒಂದೇ, ಹೋದ ಜಮೀನು ವಾಪಸ್ ಬರಬೇಕು. ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ಮೇಲೆ ಕಾನೂನು ಮಾಡಿ ಅದನ್ನು ವಾಪಸ್ ಕೊಡಿಸಿತು. ಕೇಳಿದ್ದು ಸಿಕ್ಕಿತು. ಆ ನೆನಪು ಬಹಳ ಕಾಲ ಓಟು ತಂದಿತು.

ಆದರೆ ಗಮನಿಸಿ, ವಾಪಸ್ ಬಂದದ್ದು ಕಂದಾಯ ಕಟ್ಟುತ್ತಿದ್ದವರ ಜಮೀನು. ಅದೇ ಗದ್ದೆಯಲ್ಲಿ ಗೇಣಿಗೆ ದುಡಿಯುತ್ತಿದ್ದ ಹಾಲಕ್ಕಿಗಳಿಗೆ, ನಾಮಧಾರಿಗಳಿಗೆ ಅದರಿಂದ ಏನೂ ಬದಲಾಗಲಿಲ್ಲ. ಸುಗ್ಗಿ ಬಂದಾಗ ಒಡೆಯರ ಪಾಲು ಅಳೆದು ಕೊಟ್ಟು ಉಳಿದದ್ದು ಮನೆಗೆ. ಇವರ ಪರವಾಗಿ ಗಟ್ಟಿ ದನಿ ಎತ್ತಿದವರು ಅಂಕೋಲೆಯ ದಿನಕರ ದೇಸಾಯಿ. ಚುಟುಕ ಬರೆದ ಕವಿ ಅಂತ ಶಾಲೆಯ ಮಕ್ಕಳಿಗೂ ಗೊತ್ತು. ರೈತರನ್ನು ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಸ್ವಾತಂತ್ರ್ಯದ ನಂತರ ಲೋಕಸಭೆಗೆ ಮೂರು ಬಾರಿ, 1952, 1957, 1962ರಲ್ಲಿ, ಕಾಂಗ್ರೆಸ್‌ನ ಜೋಕಿಮ್ ಆಳ್ವ ಗೆದ್ದರು. 1967ರಲ್ಲಿ ದೇಸಾಯಿಯವರು ಪಕ್ಷೇತರರಾಗಿ ನಿಂತು ಆ ಸಾಲನ್ನು ಮುರಿದರು. ಬಡವರ ಪರ ರಾಜಕಾರಣ ಇಲ್ಲಿ ಕಾಂಗ್ರೆಸ್ಸಿನೊಳಗೆ ಹುಟ್ಟಿದ್ದಲ್ಲ. ಹೊರಗೆ ಹುಟ್ಟಿದ್ದನ್ನು ಕಾಂಗ್ರೆಸ್ ಆಮೇಲೆ ತನ್ನದಾಗಿಸಿಕೊಂಡಿತು. ನನ್ನ ಮಟ್ಟಿಗೆ ಅದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಪಕ್ಷ ಮಾಡಬೇಕಾದ ಕೆಲಸವೇ ಅದು.

ತನ್ನದಾಗಿಸಿಕೊಂಡಿದ್ದು ದೇವರಾಜ ಅರಸರ ಕಾಲದಲ್ಲಿ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರದ ವಶ. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು, ಮಂಡಳಿ ಒಪ್ಪಿದರೆ ಜಮೀನು ಅವನದು. ಸಾಕ್ಷಿಗೆ ಅಕ್ಕಪಕ್ಕದವರು ಬಂದು ಹೇಳಿದರೂ ನಡೆಯುತ್ತಿತ್ತು. ಗೇಣಿ ಪದ್ಧತಿ ಆಳವಾಗಿ ಬೇರುಬಿಟ್ಟಿದ್ದ ಕರಾವಳಿಯಲ್ಲಿ ಈ ಕಾನೂನು ಮಾಡಿದಷ್ಟು ಕೆಲಸ ಬಯಲುಸೀಮೆಯಲ್ಲಿ ಮಾಡಲಿಲ್ಲ. 1977ರಲ್ಲಿ ದೇಶದ ಉತ್ತರ ಭಾಗದಲ್ಲಿ ಕಾಂಗ್ರೆಸ್ ಗುಡಿಸಿಹೋದಾಗಲೂ ಇಲ್ಲಿ ಬಿ.ಪಿ. ಕದಂ ಗೆದ್ದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. 1980ರಿಂದ 1991ರವರೆಗೆ ಜಿ. ದೇವರಾಯ ನಾಯ್ಕರು ನಾಲ್ಕು ಸಲ ಗೆದ್ದರು. 1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಅಂತ ಶಿವರಾಮ ಕಾರಂತರೇ ಚುನಾವಣೆಗೆ ನಿಂತರು, ಆಗಲೂ ಗೆದ್ದದ್ದು ನಾಯ್ಕರು. ಕಾರಂತರನ್ನು ಜನ ಗೌರವಿಸಿದರು, ಓಟು ಮಾತ್ರ ಜಮೀನು ಕೊಟ್ಟ ಪಕ್ಷಕ್ಕೆ ಹಾಕಿದರು.

ತೊಡಕು ಶುರುವಾಗುವುದು ಇದಾದ ಮೇಲೆ. ಗೇಣಿ ಜಮೀನು ಇದ್ದವರಿಗೆ ಫಾರಂ 7 ಇತ್ತು. ಗೇಣಿಯೂ ಇಲ್ಲದೆ ಕಾಡಂಚಿನಲ್ಲಿ ಎರಡು ಗುಂಟೆ ಮನೆ, ಎಂಟು ಗುಂಟೆ ಅಡಿಕೆ-ಗೇರು ಮಾಡಿಕೊಂಡವರಿಗೆ? ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಅರಣ್ಯ. ಇಲ್ಲಿ ಸಂಸಾರ ಬೆಳೆದರೆ ಹೊಸ ಮನೆ ಏಳುವುದು ಅರಣ್ಯ ಇಲಾಖೆಯ ಗಡಿಕಲ್ಲಿನ ಒಳಗೇ. ಇದಕ್ಕೆ ಇಟ್ಟ ಹೆಸರು ಅತಿಕ್ರಮಣ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯ ಜಮೀನಿನ ಬಗ್ಗೆ ಕೊನೆ ಮಾತು ಬೆಂಗಳೂರಿನಿಂದ ದೆಹಲಿಗೆ ಹೋಯಿತು. 1978ರ ಏಪ್ರಿಲ್ 27ಕ್ಕೆ ಮುಂಚಿನ ಅತಿಕ್ರಮಣ ಮಾತ್ರ ಸಕ್ರಮ ಎಂಬ ಗೆರೆ ಬಿತ್ತು. ಆ ತಾರೀಖು ಇಲ್ಲಿ ಅನಕ್ಷರಸ್ಥರಿಗೂ ಬಾಯಿಪಾಠ.

ಎರಡನೇ ಅವಕಾಶ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್ ನೇತೃತ್ವದ ಯುಪಿಎ, ಎಡಪಕ್ಷಗಳ ಬೆಂಬಲದೊಂದಿಗೆ. 2005ರ ಡಿಸೆಂಬರ್ 13ಕ್ಕೆ ಮುಂಚೆ ಜಾಗದಲ್ಲಿದ್ದರೆ ಹಕ್ಕುಪತ್ರ. ಕೇಳಲು ಎಷ್ಟು ಚೆಂದ, ಅಲ್ವಾ? ಆದರೆ ಅದು ಪರಿಶಿಷ್ಟ ಪಂಗಡದವರಿಗೆ. ಉಳಿದವರು ಮೂರು ತಲೆಮಾರಿನಿಂದ, ಅಂದರೆ 75 ವರ್ಷದಿಂದ, ಅಲ್ಲಿನ ಕಾಡನ್ನು ನಂಬಿ ಬದುಕಿದ್ದಾರೆ ಎಂದು ತೋರಿಸಬೇಕು. ಲೆಕ್ಕ ಹಾಕಿದರೆ 1930. ಅಂಕೋಲೆಯಲ್ಲಿ ಉಪ್ಪು ಮಾಡಿದ ವರ್ಷ! ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತ್ತು, ಅವರು ಬಚಾವಾದರು. ಹಾಲಕ್ಕಿಗಳು, ಜೋಯಿಡಾದ ಕುಣಬಿಗಳು ಅದೇ ಸ್ಥಾನವನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ಸಿಗದೆ ಅವರೂ 75 ವರ್ಷದ ಸಾಲಿನಲ್ಲೇ ನಿಂತರು.

ಅತಿಕ್ರಮಣದಾರರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕೈಚೀಲ ಇರುತ್ತದೆ. ಅದರೊಳಗೆ ಪಂಚಾಯ್ತಿ ಮನೆ ತೆರಿಗೆ ರಸೀದಿ, ಹಳೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಅಜ್ಜನ ಹೆಸರಿರುವ ಮತದಾರರ ಪಟ್ಟಿಯ ಜೆರಾಕ್ಸ್, ಜಿಪಿಎಸ್ ಸರ್ವೆಯ ನಕ್ಷೆ. ಎಲ್ಲಕ್ಕಿಂತ ಜೋಪಾನವಾಗಿ ಇಡುವ ಕಾಗದ ಯಾವುದು ಗೊತ್ತೇ? ಅರಣ್ಯ ಇಲಾಖೆ ಹಿಂದೆಂದೋ ಹಾಕಿದ ಅತಿಕ್ರಮಣ ಕೇಸಿನ ನೋಟಿಸು, ದಂಡ ಕಟ್ಟಿದ ರಸೀದಿ. ಆ ವರ್ಷ ಆ ಜಾಗದಲ್ಲಿ ತಾವಿದ್ದೆವು ಎಂದು ಸರ್ಕಾರವೇ ಬರೆದುಕೊಟ್ಟ ಸಾಕ್ಷಿ ಅದು. ತಪ್ಪು ಮಾಡಿದ್ದಕ್ಕೆ ಕೊಟ್ಟ ಕಾಗದವೇ ಹಕ್ಕಿಗೆ ಆಧಾರ. ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಅಂತ ನಿಯಮದಲ್ಲೇ ಇದೆ. ಆದರೂ ಅರ್ಜಿಗಳು ರಾಶಿ ರಾಶಿ ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಿ ಎಂದಾಗ ಜಿಲ್ಲೆಯ ಕಾಡಂಚಿನ ಮನೆಗಳಿಗೆಲ್ಲ ದಿಗಿಲು. ಅದೇ ತಿಂಗಳ 28ಕ್ಕೆ ಆದೇಶಕ್ಕೆ ತಡೆ ಸಿಕ್ಕಿತು. ಎರಡೇ ತಿಂಗಳಲ್ಲಿ ಲೋಕಸಭಾ ಚುನಾವಣೆ. ವಿರೋಧ ಪಕ್ಷಕ್ಕೆ ಇದಕ್ಕಿಂತ ದೊಡ್ಡ ವಿಷಯ ಬೇಕಿತ್ತೇ? ಆ ಸಲ ಮೈತ್ರಿ ಅಂತ ಕಾಂಗ್ರೆಸ್ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತು. ಮತಯಂತ್ರದಲ್ಲಿ ಕೈ ಗುರುತೇ ಇರಲಿಲ್ಲ. ಬಿಜೆಪಿಯ ಅನಂತಕುಮಾರ ಹೆಗಡೆ 4.79 ಲಕ್ಷ ಅಂತರದಿಂದ ಗೆದ್ದರು.

1990ರ ದಶಕದ ತಿರುವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1993ರ ಭಟ್ಕಳ ಗಲಭೆ, 1996ರ ಏಪ್ರಿಲ್‌ನಲ್ಲಿ ಬಿಜೆಪಿ ಶಾಸಕ ಡಾ. ಯು. ಚಿತ್ತರಂಜನ್ ಹತ್ಯೆ. ಆ ವರ್ಷವೇ ಅನಂತಕುಮಾರ ಹೆಗಡೆ ಮೊದಲ ಸಲ ಸಂಸದರಾದರು. 1999ರಲ್ಲಿ ಮಾರ್ಗರೆಟ್ ಆಳ್ವ ಗೆದ್ದದ್ದು ಬಿಟ್ಟರೆ ಲೋಕಸಭಾ ಸೀಟು ಮತ್ತೆ ಕಾಂಗ್ರೆಸ್ಸಿಗೆ ಬರಲಿಲ್ಲ. ಜಮೀನು ಪಡೆದವರ ಮಕ್ಕಳು ಧರ್ಮದ ಹೆಸರಲ್ಲಿ ಓಟು ಹಾಕಿದರು ಅಂತ ಹಳೆ ಕಾಂಗ್ರೆಸ್ಸಿಗರು ಗೊಣಗುವುದುಂಟು. ಆ ಗೊಣಗಾಟ ನನಗೆ ಅಷ್ಟು ಸರಿ ಕಾಣುವುದಿಲ್ಲ. ಅಪ್ಪನಿಗೆ ಕೊಟ್ಟ ಜಮೀನಿಗೆ ಮಗನಿಂದ ಎಷ್ಟು ಸಲ ಓಟು ಕೇಳುತ್ತೀರಿ?

2023ಕ್ಕೆ ಮುಂಚಿನ ಕೇಳಿಕೆಯ ಪಟ್ಟಿಯಲ್ಲಿ ಪಟ್ಟಾದ ಜೊತೆ ಇನ್ನೊಂದು ಸೇರಿತ್ತು. ಆಸ್ಪತ್ರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಜೀವ ಉಳಿಯಬೇಕಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ ಅನ್ನುವ ಸ್ಥಿತಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ, ಇಲ್ಲದಿದ್ದರೆ ಓಟಿಲ್ಲ ಎಂಬ ಕೂಗು ಮೊಬೈಲಿನಿಂದ ಬೀದಿಗೆ ಬಂತು. ಪಕ್ಷಭೇದವಿಲ್ಲದೆ ಎಲ್ಲರೂ ಸೇರಿದ ಅಪರೂಪದ ಕೂಗು ಅದು.

ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಉತ್ತರವಾಗಿ ತಂದದ್ದು ಐದು ಗ್ಯಾರಂಟಿ. ಉಳಿದ ಜಿಲ್ಲೆಗಳಂತೆ ಇಲ್ಲಿಯೂ ಅದು ಕೆಲಸ ಮಾಡಿತು. ಶಕ್ತಿ ಯೋಜನೆ ಉಡುಪಿ, ಮಂಗಳೂರಿಗಿಂತ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು. ಅಲ್ಲಿ ಖಾಸಗಿ ಬಸ್ಸುಗಳ ಕಾರುಬಾರು, ಇಲ್ಲಿ ಸರ್ಕಾರಿ ಬಸ್ಸೇ ಗತಿ. ಬಸ್ಸೇ ಬಾರದ ಘಟ್ಟದ ಹಳ್ಳಿಗೆ ಅದು ಬರೀ ಜಾಹೀರಾತು. ಹತ್ತು ಕೆ.ಜಿ. ಅಕ್ಕಿಯ ಮಾತಿಗೆ ಕುಚ್ಚಲಕ್ಕಿ ಉಣ್ಣುವ ಕರಾವಳಿಯ ಮನೆಗಳಲ್ಲಿ "ಯಾವ ಅಕ್ಕಿ?" ಎಂಬ ಮರುಪ್ರಶ್ನೆ ಸಹಜ. ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬೀಳುವುದು ಸಣ್ಣ ಮಾತಲ್ಲ. ಆದರೆ ಅದು ಬೇರೆ ಬಗೆಯ ಭರವಸೆ. ದುಡ್ಡು ಕೊಡುವ ಸರ್ಕಾರ ಹೋದರೆ ದುಡ್ಡೂ ನಿಲ್ಲಬಹುದು. 1974ರ ಕಾಗದವನ್ನು ಯಾವ ಸರ್ಕಾರವೂ ವಾಪಸ್ ಕೇಳಲಿಲ್ಲ. ಹಾಗಾಗಿ ಮತದಾರರು ಗ್ಯಾರಂಟಿಯನ್ನು ಬೇಡ ಅನ್ನಲಿಲ್ಲ, ಪಟ್ಟಾದ ಬದಲಿಗೆ ಅಂತಲೂ ಒಪ್ಪಲಿಲ್ಲ.

2024ರಲ್ಲಿ ಕಾಂಗ್ರೆಸ್ ದೆಹಲಿಯ ವಿರೋಧ ಪಕ್ಷವಾಗಿ ಇದಕ್ಕೂ ಮಾತು ಕೊಟ್ಟಿತು. ಬಾಕಿ ಇರುವ ಅರಣ್ಯ ಹಕ್ಕು ಅರ್ಜಿ ಒಂದು ವರ್ಷದಲ್ಲಿ ಇತ್ಯರ್ಥ, ತಿರಸ್ಕೃತವಾದವುಗಳ ಮರುಪರಿಶೀಲನೆ ಆರು ತಿಂಗಳಲ್ಲಿ. ಪ್ರಣಾಳಿಕೆಯಲ್ಲೇ ಇದೆ. ಈ ಜಿಲ್ಲೆಗೇ ಬರೆದಂತಿತ್ತು. ಆದರೂ ಓಟು ಬರಲಿಲ್ಲ. ಕಾರಣ ಎರಡು. ಒಂದು, 75 ವರ್ಷದ ಷರತ್ತು ಇರುವ ಕಾಯ್ದೆ ಅದೇ ಪಕ್ಷದ ಸರ್ಕಾರ ಮಾಡಿದ್ದು. ಅದನ್ನು ತೆಗೆಯುತ್ತೇವೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎರಡು, ಆಗ ಬೆಂಗಳೂರಿನಲ್ಲಿ ಅದರದೇ ಸರ್ಕಾರ ಇತ್ತು. ಅರ್ಜಿ ಮೊದಲು ಹೋಗುವುದು ಗ್ರಾಮ ಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ. ಅಧಿಕಾರಿಗಳೆಲ್ಲ ರಾಜ್ಯದವರು. ಆರು ತಿಂಗಳ ಮರುಪರಿಶೀಲನೆಗೆ ದೆಹಲಿ ಗೆಲ್ಲುವವರೆಗೆ ಯಾಕೆ ಕಾಯಬೇಕು?

ಜನ ಪಕ್ಷಕ್ಕಿಂತ ಆಳನ್ನು ನೋಡಿ ಓಟು ಹಾಕುವುದಕ್ಕೂ ಇದೇ ಕಾರಣ ಇರಬೇಕು. ಕಾರವಾರದ ಸತೀಶ ಸೈಲ್, ಭಟ್ಕಳದ ಮಂಕಾಳ ವೈದ್ಯ ಇಬ್ಬರೂ 2013ರಲ್ಲಿ ಪಕ್ಷೇತರರಾಗಿ ಗೆದ್ದು ಆಮೇಲೆ ಕಾಂಗ್ರೆಸ್ಸಿಗೆ ಬಂದವರು. ಯಲ್ಲಾಪುರದ ಶಿವರಾಮ ಹೆಬ್ಬಾರ್ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದು, 2019ರಲ್ಲಿ ಬಿಜೆಪಿಗೆ ಹೋಗಿ, 2025ರಲ್ಲಿ ಅಲ್ಲಿಂದಲೂ ಉಚ್ಚಾಟನೆಗೊಂಡರು. ಮೂರು ಚುನಾವಣೆಯಲ್ಲೂ ಕ್ಷೇತ್ರ ಅವರನ್ನು ಬಿಡಲಿಲ್ಲ. ಫೈಲು ಹಿಡಿದುಕೊಂಡು ಯಾರ ಮನೆಗೆ ಹೋಗಬಹುದು ಅನ್ನುವುದು ಕಾಡಂಚಿನವರಿಗೆ ಪ್ರಣಾಳಿಕೆಗಿಂತ ದೊಡ್ಡದು.

ಕೊನೆಗೊಂದು ತಾಂತ್ರಿಕ ವಿಷಯ, ಇದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಅರಣ್ಯ ಹಕ್ಕಿನ ಉಪವಿಭಾಗ ಸಮಿತಿಯಲ್ಲಿ ತಾಲೂಕು ಪಂಚಾಯ್ತಿಯ ಮೂವರು, ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯ್ತಿಯ ಮೂವರು ಸದಸ್ಯರು ಇರಬೇಕು ಅಂತ ನಿಯಮ. ಚುನಾಯಿತ ಜಿಲ್ಲಾ ಪರಿಷತ್ತನ್ನು ರಾಜ್ಯಕ್ಕೆ ಕೊಟ್ಟದ್ದು ಇದೇ ಜಿಲ್ಲೆಯ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ ಮುಗಿಯಿತು. ಚುನಾವಣೆಯನ್ನು ಬಿಜೆಪಿ ಸರ್ಕಾರ ಮಾಡಲಿಲ್ಲ. ಅಧಿಕಾರಕ್ಕೆ ಬಂದ ಮೇಲೆ ಕಾಂಗ್ರೆಸ್ಸೂ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಅಂತ ಮುಂದೂಡುತ್ತಲೇ ಹೋಯಿತು. ಅಷ್ಟೂ ದಿನ ಸಮಿತಿಯ ಮೇಜಿನ ಸುತ್ತ ಕೂತವರು ಅಧಿಕಾರಿಗಳು ಮಾತ್ರ. ಅರ್ಜಿದಾರರ ಪರವಾಗಿ ಎದ್ದು ಮಾತಾಡಬೇಕಾದ ಕುರ್ಚಿಗಳಿಗೆ ಆರಿಸಿ ಬಂದವರೇ ಇರಲಿಲ್ಲ.