ಹಳೆಯ ಸೂಪರ್‌ಕಾರು: ಮುಂದಿನ ದೊಡ್ಡ ಬಿಲ್ಲು ಯಾರ ಪಾಲಿಗೆ?

ಸೆಕೆಂಡ್ ಹ್ಯಾಂಡ್ ಸೂಪರ್‌ಕಾರು ನೋಡಲು ಹೋದವರ ಕಣ್ಣು ಮೊದಲು ಎರಡು ಅಂಕಿಗಳ ಮೇಲೆ ಬೀಳುತ್ತದೆ: ಕೇಳುವ ಬೆಲೆ ಮತ್ತು ಓಡಿದ ಕಿಲೋಮೀಟರು. ಬೆಲೆಯನ್ನು ನಿಜವಾಗಿ ಆಡಿಸುವ ಮೂರನೆಯ ಅಂಕಿ ಜಾಹೀರಾತಿನಲ್ಲಿ ಇರುವುದೇ ಇಲ್ಲ. ಮುಂದಿನ ಎರಡು ಮೂರು ವರ್ಷಗಳಲ್ಲಿ ಈ ಗಾಡಿಗೆ ಬರಲಿರುವ ದೊಡ್ಡ ರಿಪೇರಿ ಯಾವುದು, ಅದಕ್ಕೆ ಎಷ್ಟಾಗುತ್ತದೆ ಎಂಬುದೇ ಆ ಅಂಕಿ. ಸವಕಳಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಭಾಗ ವಯಸ್ಸಿನದಲ್ಲ, ಆ ಬಿಲ್ಲಿನ ಭಯದ್ದು. ಇದನ್ನು ಓದಲು ಬಂದರೆ ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳ ನಡುವೆ ಬೆಲೆಯಲ್ಲಿ ಅಷ್ಟೊಂದು ಅಂತರ ಏಕೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಇಳಿಕೆಯ ಹಾದಿ. ಸೀಮಿತ ಆವೃತ್ತಿಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಮೊದಲ ಮೂರು ವರ್ಷಗಳಲ್ಲಿ ಬೆಲೆ ಕಡಿದಾಗಿ ಬೀಳುತ್ತದೆ. ಅದರಲ್ಲಿ ಹೆಚ್ಚು ಹೊಡೆತ ತಿನ್ನುವುದು ಮೊದಲ ಮಾಲೀಕ ಆರಿಸಿಕೊಂಡ ಆಪ್ಷನ್‌ಗಳು. ಕಾರ್ಬನ್ ಫೈಬರ್ ಅಲಂಕಾರ, ಬಣ್ಣದ ಹೊಲಿಗೆ, ದುಬಾರಿ ಸ್ಪೀಕರು ಇವೆಲ್ಲ ಸೇರಿ ಹೊಸ ಕಾರಿನ ಬೆಲೆಯನ್ನು ಐದನೇ ಒಂದು ಭಾಗದಷ್ಟು ಏರಿಸಿರಬಹುದು. ಐದು ವರ್ಷದ ನಂತರ ಅವಕ್ಕೆ ಬೇರೆಯಾಗಿ ಹಣ ಕೊಡುವವರು ಇಲ್ಲವೆನ್ನುವಷ್ಟು ಕಡಿಮೆ. ಉಳಿಯುವುದು ಕೆಲವೇ: ಕಾರ್ಬನ್ ಬಕೆಟ್ ಸೀಟು, ಮುಂಭಾಗ ಎತ್ತುವ ಲಿಫ್ಟ್ ವ್ಯವಸ್ಥೆ, ಕಾರ್ಖಾನೆಯಿಂದಲೇ ಬಂದ ಅಪರೂಪದ ಬಣ್ಣ. ಹಾಗಾಗಿ ಆಪ್ಷನ್ ತುಂಬಿದ ಹಳೆಯ ಕಾರು ಕೊಳ್ಳುವವನಿಗೆ ಲಾಭ, ಹೊಸದನ್ನು ಬರೆಸಿದವನಿಗೆ ನಷ್ಟ.

ಮೂರರಿಂದ ಏಳು ವರ್ಷದ ನಡುವೆ ಇಳಿಕೆಯ ವೇಗ ತಗ್ಗುತ್ತದೆ, ಆದರೆ ನಡುನಡುವೆ ಮೆಟ್ಟಿಲುಗಳಿವೆ. ವಾರಂಟಿ ಮುಗಿಯುವ ತಿಂಗಳು ಒಂದು ಮೆಟ್ಟಿಲು. 458 ಮಾದರಿಯ ಕಾಲದಿಂದ ಫೆರಾರಿ ಕಂಪನಿ ಹೊಸ ಕಾರಿನೊಂದಿಗೆ ಏಳು ವರ್ಷಗಳ ನಿಗದಿತ ಸರ್ವೀಸನ್ನು ಉಚಿತವಾಗಿ ಕೊಡುತ್ತ ಬಂದಿದೆ, ಮಾಲೀಕರು ಬದಲಾದರೂ ಅದು ಕಾರಿನ ಜೊತೆಗೇ ಹೋಗುತ್ತದೆ. ಏಳನೇ ವರ್ಷ ದಾಟಿದ ಮೇಲೆ ಕೆಲವು ಮಾಲೀಕರು ವಾರ್ಷಿಕ ಸರ್ವೀಸನ್ನು ಮುಂದೂಡುತ್ತಾರೆ. ಆಗ ದಾಖಲೆಯಲ್ಲಿ ಮೊದಲ ತೂತು ಬೀಳುತ್ತದೆ. ಎಂಟು ಒಂಬತ್ತು ವರ್ಷದ ಕಾರು ನೋಡುವಾಗ ಕೊನೆಯ ಎರಡು ಸರ್ವೀಸಿನ ರಸೀದಿ ಮೊದಲು ಕೇಳಿ, ಪುಸ್ತಕದ ಮೊದಲ ಪುಟಗಳ ಸೀಲುಗಳನ್ನು ಆಮೇಲೆ ನೋಡಿದರಾಯಿತು.

ಬೆಲೆಯನ್ನು ಆಡಿಸುವ ಇನ್ನೊಂದು ಶಕ್ತಿ ಕಾರ್ಖಾನೆಯಲ್ಲೇ ಇದೆ. ಆ ಮಾದರಿಯ ನಂತರ ಏನು ಬಂತು ಎಂಬುದು. ಮೆಕ್‌ಲಾರೆನ್ ಎಂಪಿ4-12ಸಿ 2011ರಲ್ಲಿ ಬಂತು, 2014ಕ್ಕೆಲ್ಲ 650ಎಸ್ ಅದರ ಜಾಗ ಹಿಡಿಯಿತು, 2017ರಲ್ಲಿ 720ಎಸ್. ಪ್ರತಿ ಹೊಸದೂ ಹಳೆಯದಕ್ಕಿಂತ ಸ್ಪಷ್ಟವಾಗಿ ಮೇಲು, ಆದ್ದರಿಂದ ಹಳೆಯದನ್ನೇ ಬೇಕೆಂದು ಹುಡುಕುವ ಕಾರಣ ಉಳಿಯಲಿಲ್ಲ. 12ಸಿ ಬೆಲೆ ಜಾರಿತು. ಫೆರಾರಿಯಲ್ಲಿ ಆದದ್ದು ಇದಕ್ಕೆ ತಿರುಗಾಮುರುಗ. 2015ರಲ್ಲಿ 488 ಟರ್ಬೊ ಇಂಜಿನ್‌ನೊಂದಿಗೆ ಬಂದಾಗ, 458 ಟರ್ಬೊ ಇಲ್ಲದ ಕೊನೆಯ ಮಿಡ್-ಇಂಜಿನ್ (ಸೀಟಿನ ಹಿಂದೆ ಇಂಜಿನ್ ಇರುವ) ವಿ8 ಫೆರಾರಿ ಆಯಿತು. ಹೊಸದು ಹೆಚ್ಚು ವೇಗದ ಕಾರಾಗಿದ್ದರೂ, ಹಳೆಯದರ 4.5 ಲೀಟರಿನ ಧ್ವನಿ ಬೇಕೆನ್ನುವವರು 458ರ ಬೆಲೆಯನ್ನು ಎತ್ತಿ ಹಿಡಿದರು. ಮುಂದಿನ ಮಾದರಿ ವೇಗವಾಗಿರುವುದು ಹಳೆಯದಕ್ಕೆ ಅಪಾಯವಲ್ಲ. ಹಳೆಯದರಲ್ಲಿ ಇದ್ದದ್ದೆಲ್ಲ ಹೊಸದರಲ್ಲಿಯೂ ಇದ್ದರೆ ಆಗ ಅಪಾಯ.

ಪೋರ್ಷೆ 911 ಆರ್ ಇದಕ್ಕೆ ಇನ್ನೂ ಖಾರವಾದ ಉದಾಹರಣೆ. 2016ರಲ್ಲಿ 991 ಕಾರು ಮಾತ್ರ ತಯಾರಾದವು, ಆ ಪೀಳಿಗೆಯ 911ಗಳಲ್ಲಿ ಜಿಟಿ3 (ರೇಸಿಗೆ ಹತ್ತಿರದ 911) ಇಂಜಿನ್ ಮತ್ತು ಮ್ಯಾನುಯಲ್ ಗೇರ್‌ಬಾಕ್ಸ್ ಒಟ್ಟಿಗೆ ಸಿಗುವುದು ಅದರಲ್ಲಿ ಮಾತ್ರ ಎಂಬ ಕಾರಣಕ್ಕೆ ಬೆಲೆ ಗಗನಕ್ಕೇರಿತು. 2017ರಲ್ಲಿ ಅದೇ ಕಂಪನಿ ಸಾಮಾನ್ಯ ಜಿಟಿ3ಗೂ ಮ್ಯಾನುಯಲ್ ಕೊಟ್ಟಿತು, ಆರ್ ಬೆಲೆ ಇಳಿಯಿತು. ಕಾರು ಅಪರೂಪವೇ ಆಗಿ ಉಳಿಯಿತು, ಅದರ ಗುಣ ಮಾತ್ರ ಅಪರೂಪವಾಗಿ ಉಳಿಯಲಿಲ್ಲ. ‘ಇಷ್ಟೇ ಕಾರುಗಳಿವೆ’ ಎಂದು ಮಾರುವವ ಹೇಳಿದಾಗ ಕೇಳಬೇಕಾದ ಪ್ರಶ್ನೆ: ಈ ಗುಣವನ್ನು ಕಾರ್ಖಾನೆ ನಾಳೆ ಮತ್ತೆ ಕೊಡಬಹುದೇ?

ಈಗ ಗೇರ್‌ಬಾಕ್ಸ್. ಹಳೆಯ ಸೂಪರ್‌ಕಾರಿನ ಬೆಲೆಯನ್ನು ಇಷ್ಟು ಬಲವಾಗಿ ಇಬ್ಭಾಗ ಮಾಡುವ ಬಿಡಿಭಾಗ ಮತ್ತೊಂದಿಲ್ಲ. ಫೆರಾರಿ 360, ಎಫ್430, ಲ್ಯಾಂಬೊರ್ಗಿನಿ ಗಲ್ಲಾರ್ಡೊಗಳ ಕಾಲದಲ್ಲಿ ಹೆಚ್ಚಿನವರು ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಇರುವ ಒಂಟಿ ಕ್ಲಚ್ಚಿನ ಗೇರ್‌ಬಾಕ್ಸನ್ನೇ ಬರೆಸಿದರು. ಇಂದು ಅದೇ ಕಾರು ಲೋಹದ ಗೇಟಿನ (ಗೇರ್ ಕಡ್ಡಿ ಸರಿಯುವ ಸೀಳುಗಳಿರುವ ತಗಡಿನ) ಮ್ಯಾನುಯಲ್‌ನಲ್ಲಿ ಸಿಕ್ಕರೆ ಬಹಳ ಹೆಚ್ಚು ಬೆಲೆ. ಗಲ್ಲಾರ್ಡೊ ನಂತರ ಬಂದ ಹುರಾಕಾನ್‌ನಲ್ಲಿ ಮ್ಯಾನುಯಲ್ ಇಲ್ಲವೇ ಇಲ್ಲ, ಆ ಅಂತರ ಮುಚ್ಚುವ ದಾರಿಯೂ ಇಲ್ಲ. ಆದ್ದರಿಂದಲೇ ಪ್ಯಾಡಲ್ ಕಾರನ್ನು ಮ್ಯಾನುಯಲ್‌ಗೆ ಪರಿವರ್ತಿಸುವ ಕೆಲಸ ಒಂದು ಉದ್ಯಮವಾಗಿದೆ. ಓಡಿಸುವ ಸುಖಕ್ಕೆ ಅದು ಒಳ್ಳೆಯದೇ, ಆದರೆ ಪರಿವರ್ತಿಸಿದ ಕಾರಿಗೆ ಕಾರ್ಖಾನೆಯ ಮ್ಯಾನುಯಲ್ ಬೆಲೆ ಕೊಡಬೇಡಿ. ಮೂಲ ತಯಾರಿಕೆಯ ದಾಖಲೆ ನೋಡದೆ ಮ್ಯಾನುಯಲ್ ಕಾರಿಗೆ ಮುಂಗಡ ಕೊಡುವುದೂ ಬೇಡ.

ಪ್ಯಾಡಲ್ ಕಾರೇ ಸಾಕು ಎಂದಾದರೆ ಕ್ಲಚ್ ಎಷ್ಟು ಉಳಿದಿದೆ ಎಂಬುದು ಮೊದಲ ಪ್ರಶ್ನೆ. ಬ್ರ್ಯಾಂಡಿನ ಡಯಾಗ್ನಾಸ್ಟಿಕ್ ಉಪಕರಣ ಇದನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ. ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಹೊಸ ಕ್ಲಚ್ ಹಾಕಿದಾಗ ಮೂಲ ಅಳತೆಯನ್ನು ಸರಿಯಾಗಿ ದಾಖಲಿಸದಿದ್ದರೆ ಲೆಕ್ಕವೇ ತಪ್ಪು. ಕ್ಲಚ್ ಬದಲಿಸಿದ ಬಿಲ್ಲು, ಆಗಿನ ಕಿಲೋಮೀಟರು, ಈಗಿನ ಶೇಕಡಾವಾರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೆದ್ದಾರಿಯಲ್ಲಿ ಓಡಿದ ಕಾರಿನ ಕ್ಲಚ್, ನಗರದ ದಟ್ಟಣೆಯಲ್ಲಿ ತೆವಳಿದ ಕಾರಿನದಕ್ಕಿಂತ ಎರಡು ಮೂರು ಪಟ್ಟು ಬಾಳುವುದುಂಟು. ಏರಿನಲ್ಲಿ ಇಂಚಿಂಚಾಗಿ ಹತ್ತಿಸುವುದು, ರಿವರ್ಸ್ ಗೇರಿನಲ್ಲಿ ಮತ್ತೆಮತ್ತೆ ಹಿಂದೆ ಮುಂದೆ ಆಡಿಸಿ ನಿಲ್ಲಿಸುವುದು, ಈ ಎರಡು ಅಭ್ಯಾಸ ಸಾಕು, ಹೊಸ ಕ್ಲಚ್ಚನ್ನು ಬೇಗನೆ ಸವೆಸಲು. ಫೆರಾರಿಯ 458 ಮತ್ತು ಕ್ಯಾಲಿಫೋರ್ನಿಯಾ ಮಾದರಿಗಳಲ್ಲಿ ಬಂದ ಡ್ಯುಯಲ್ (ಜೋಡಿ) ಕ್ಲಚ್ಚಿಗೆ ಈ ಸವೆತದ ಭಯ ಕಡಿಮೆ. ಅಲ್ಲಿ ಕೆಡುವುದು ಗೇರ್‌ಬಾಕ್ಸಿನ ಒಳಗಿರುವ ವೇಗದ ಸೆನ್ಸರು. ಮೊದಲೆಲ್ಲ ಇದಕ್ಕೆ ಇಡೀ ಗೇರ್‌ಬಾಕ್ಸನ್ನೇ ಬದಲಿಸುತ್ತಿದ್ದರು, ಈಗ ಸೆನ್ಸರು ಮಾತ್ರ ಬದಲಿಸಿಕೊಡುವ ಸ್ವತಂತ್ರ ಪರಿಣತರಿದ್ದಾರೆ. ರಿಪೇರಿ ಅಗ್ಗವಾದ ಮಾದರಿಗಳ ಬೆಲೆ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೂ ಇದೇ ಸಾಕ್ಷಿ.

ಮ್ಯಾನುಯಲ್ ಪೋರ್ಷೆಯಾದರೆ ಓವರ್-ರೆವ್ ವರದಿ (ಇಂಜಿನ್ ಮಿತಿ ಮೀರಿ ತಿರುಗಿದ್ದರ ದಾಖಲೆ) ಕೇಳದೆ ಮುಂದೆ ಹೋಗಬಾರದು. ಐದನೇ ಗೇರಿಗೆ ಹೋಗಬೇಕಾದ ಕೈ ಮೂರಕ್ಕೆ ಹೋದರೆ ರೆವ್ ಲಿಮಿಟರು ಏನೂ ಮಾಡಲಾಗದು, ಚಕ್ರಗಳೇ ಇಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. 997 ಪೀಳಿಗೆಯ ಕಾರುಗಳ ಇಂಜಿನ್ ಕಂಪ್ಯೂಟರು ಇದನ್ನು ಆರು ಶ್ರೇಣಿಗಳಲ್ಲಿ, ಇಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ನಡೆಯಿತು ಎಂಬುದರ ಸಮೇತ ಬರೆದಿಟ್ಟುಕೊಳ್ಳುತ್ತದೆ. ಕೆಳಗಿನ ಶ್ರೇಣಿಗಳಲ್ಲಿ ಎಣಿಕೆ ಇದ್ದರೆ ಚಿಂತೆಯಿಲ್ಲ, ಕಾರನ್ನು ಓಡಿಸಲೆಂದೇ ಮಾಡಿದ್ದು. ಮೇಲಿನ ಶ್ರೇಣಿಗಳಲ್ಲಿ ಇದ್ದು, ಅದು ಇತ್ತೀಚಿನ ಗಂಟೆಗಳಲ್ಲಿ ಆಗಿದ್ದರೆ ಸಿಲಿಂಡರುಗಳ ಲೀಕ್-ಡೌನ್ ಪರೀಕ್ಷೆ (ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿಸಿ. ಎಲ್ಲ ಸಿಲಿಂಡರುಗಳ ಸೋರಿಕೆ ಸಣ್ಣದಾಗಿ, ಒಂದಕ್ಕೊಂದು ಹತ್ತಿರವಿದ್ದರೆ ಸರಿ. ಒಂದರಲ್ಲಿ ಮಾತ್ರ ಎದ್ದು ಕಂಡರೆ ಬೆಲೆ ಮಾತಾಡುವ ಹಂತವೇ ಬಂದಿಲ್ಲ ಎಂದುಕೊಳ್ಳಿ.

ಮಾದರಿಗೊಂದು ದೊಡ್ಡ ಬಿಲ್ಲು ಇದ್ದೇ ಇರುತ್ತದೆ, ಅದನ್ನು ಹೆಸರು ಹಿಡಿದು ತಿಳಿದಿರಬೇಕು. ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಇಂಜಿನ್ನನ್ನೇ ಕೆಳಗಿಳಿಸಬೇಕು, ಕಾರು ಓಡಲಿ ಬಿಡಲಿ ಕೆಲವೇ ವರ್ಷಗಳಿಗೊಮ್ಮೆ. 360ರಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದೇ ಬೆಲ್ಟಿಗೆ ಕೈ ಹೋಗುತ್ತದೆ. ಎಫ್430ರಲ್ಲಿ ಬೆಲ್ಟಿನ ಬದಲು ಚೈನು, ಆ ಖರ್ಚೇ ಇಲ್ಲ. ಬದಲಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆ, ಬಿರುಕು ಬಿಡುತ್ತದೆ. ತಣ್ಣನೆಯ ಇಂಜಿನ್ ಶುರುವಾದಾಗ ಟಿಕ್ ಟಿಕ್ ಸದ್ದು, ಬಿಸಿಯಾದಂತೆ ಕಡಿಮೆಯಾದರೆ ಅನುಮಾನ ಅದರ ಮೇಲೆ. ಹಾಗಾಗಿ ನೀವು ಹೋಗುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ಮೆಕ್‌ಲಾರೆನ್ 12ಸಿ, 650ಎಸ್‌ಗಳ ಹೈಡ್ರಾಲಿಕ್ ಸಸ್ಪೆನ್ಷನ್‌ನಲ್ಲಿ ಒತ್ತಡ ಹಿಡಿದಿಡುವ ಅಕ್ಯುಮುಲೇಟರುಗಳು ಕಾಲಕ್ರಮೇಣ ಅನಿಲದ ಒತ್ತಡ ಕಳೆದುಕೊಳ್ಳುತ್ತವೆ, ಕಾರು ಕುಲುಕಲು ತೊಡಗುತ್ತದೆ. ಮೊದಲ ಪೀಳಿಗೆಯ ಆಡಿ ಆರ್8ರಲ್ಲಿ ಮ್ಯಾಗ್ನೆಟಿಕ್ ಶಾಕ್ ಅಬ್ಸಾರ್ಬರುಗಳು ಸೋರುತ್ತವೆ. ಫೆರಾರಿ ಎಫ್‌ಎಫ್‌ನಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಘಟಕ ಕೆಡುತ್ತದೆ, ನಾಲ್ಕು ಸೀಟಿನ ಆ ಸೊಗಸಾದ ಕಾರು ಎರಡು ಸೀಟಿನ ತಮ್ಮಂದಿರಿಗಿಂತ ಅಗ್ಗಕ್ಕೆ ಇಳಿಯಲು ಈ ಭಯವೂ ಒಂದು ಕಾರಣ.

ಕಾರ್ಬನ್ ಸೆರಾಮಿಕ್ ಬ್ರೇಕಿನ ವಿಷಯದಲ್ಲಿ ಕಣ್ಣಳತೆ ನಡೆಯದು. ಕಬ್ಬಿಣದ ಡಿಸ್ಕಿನಂತೆ ದಪ್ಪ ನೋಡಿದರೆ ಸಾಲದು, ಶಾಖಕ್ಕೆ ಒಳಗಿನ ಕಾರ್ಬನ್ ಸುಟ್ಟು ಡಿಸ್ಕು ತೂಕ ಕಳೆದುಕೊಳ್ಳುತ್ತದೆ. ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಚಕ್ರ, ಡಿಸ್ಕು ಬಿಚ್ಚಿ ತೂಗಿಸಿದರೆ ಸಂಶಯವೇ ಉಳಿಯದು. ರಸ್ತೆಯಲ್ಲಿ ಮಾತ್ರ ಓಡಿದ ಕಾರಿನಲ್ಲಿ ಇವು ಬಹಳ ಕಾಲ ಬಾಳುತ್ತವೆ. ಟ್ರ್ಯಾಕಿಗೆ ಹೋದ ಕಾರಿನಲ್ಲಿ ನಾಲ್ಕೂ ಹೋಗಿದ್ದರೆ ಆ ಒಂದೇ ಬಿಲ್ಲು ನೀವು ಚೌಕಾಸಿ ಮಾಡಿ ಉಳಿಸಿದ್ದನ್ನೆಲ್ಲ ನುಂಗಿಬಿಡುತ್ತದೆ.

ಕಡಿಮೆ ಕಿಲೋಮೀಟರಿನ ಮೋಹ ಇನ್ನೊಂದು ಬಲೆ. ಹತ್ತು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರು ಓಡಿದ ಕಾರು ಗಾಜಿನ ಪೆಟ್ಟಿಗೆಯಲ್ಲಿ ಇಡುವವರಿಗೆ ಸರಿ. ಓಡಿಸುವವರಿಗೆ ಅದು ಎರಡು ರೀತಿಯಲ್ಲಿ ದುಬಾರಿ. ನಿಂತ ಕಾರಿನ ರಬ್ಬರ್ ಸೀಲುಗಳು ಒಣಗುತ್ತವೆ, ಪೆಟ್ರೋಲು ಕೆಡುತ್ತದೆ, ಟಯರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಜೊತೆಗೆ ನೀವು ಹೆಚ್ಚು ಬೆಲೆ ತೆತ್ತು ಕೊಂಡ ಆ ಸಣ್ಣ ಅಂಕಿ, ನೀವು ಓಡಿಸಿದ ಪ್ರತಿ ಕಿಲೋಮೀಟರಿಗೂ ಕರಗುತ್ತದೆ. ನಲವತ್ತು ಸಾವಿರ ಓಡಿದ ಕಾರಿಗೆ ಇನ್ನೈದು ಸಾವಿರ ಸೇರಿದರೆ ಯಾರೂ ಗಮನಿಸರು. ಪ್ರತಿ ವರ್ಷ ಮೂರರಿಂದ ಐದು ಸಾವಿರ ಓಡಿ, ಪ್ರತಿ ವರ್ಷ ಸರ್ವೀಸ್ ಕಂಡ ಕಾರಿಗೇ ನಮ್ಮ ಮತ. ಟಯರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ 2018ರ 23ನೇ ವಾರ. ಮೇಲ್ಮೈಯ ಅಚ್ಚು (ಟ್ರೆಡ್) ಚೆನ್ನಾಗಿದ್ದರೂ ಹತ್ತು ವರ್ಷದ ಟಯರು ಇಷ್ಟು ಶಕ್ತಿಯ ಕಾರಿನಲ್ಲಿ ನಿಲ್ಲಬಾರದು.

ಬಾಡಿ ನೋಡುವಾಗ ಒಂದು ಎಚ್ಚರ. ಪೇಂಟಿನ ದಪ್ಪ ಅಳೆಯುವ ಸಾಧನ ಕಬ್ಬಿಣಕ್ಕೆ ಮಾತ್ರದ್ದಾದರೆ ಅಲ್ಯುಮಿನಿಯಂ ಮೇಲೆ ಏನೂ ತೋರಿಸದು. ಎರಡಕ್ಕೂ ಸಲ್ಲುವ ಸಾಧನ ತನ್ನಿ. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಒಂದೇ ಬಾಗಿಲಿನಲ್ಲಿ 300 ದಾಟಿದರೆ ಮತ್ತೆ ಪೇಂಟಾಗಿದೆ, ಅದಕ್ಕಿಂತ ಬಹಳ ಮೇಲಿದ್ದರೆ ಪುಟ್ಟಿಯೂ ಇದೆ. ಕಾರ್ಬನ್ ಮೈಗೆ ಅಲ್ಟ್ರಾಸಾನಿಕ್ ಸಾಧನವೇ ಬೇಕು. ಬಂಪರಿನ ಕಲ್ಲೇಟಿಗೆ ಮರುಪೇಂಟು ಮಾಡಿಸುವುದು ಸಹಜ, ಅದಕ್ಕೆ ಹೆದರಬೇಡಿ. ಮೆಕ್‌ಲಾರೆನ್‌ನಂಥ, ಕಾರ್ಬನ್ ತೊಟ್ಟಿಯೇ ಮೂಲ ಚೌಕಟ್ಟಾಗಿರುವ ಕಾರಿನಲ್ಲಿ ತೊಟ್ಟಿಗೇ ಏಟು ಬಿದ್ದಿದ್ದರೆ ಮಾತ್ರ, ರಿಪೇರಿ ಎಷ್ಟೇ ಚೆನ್ನಾಗಿರಲಿ, ಮರುಮಾರಾಟದಲ್ಲಿ ಆ ಗಾಯ ಮಾಯುವುದಿಲ್ಲ.

ಇನ್ನು ಲೆಕ್ಕ. ಹೊಸ ಕಾರಿನ ಬೆಲೆಯನ್ನು 100 ಎಂದು ಹಿಡಿಯೋಣ. ಇವು ವಿಧಾನ ತೋರಿಸಲು ಹಾಕಿದ ಅಂಕಿಗಳು. ಎರಡು ವರ್ಷದ ಕಾರನ್ನು 80ಕ್ಕೆ ಕೊಂಡು ಮೂರು ವರ್ಷ ಓಡಿಸಿ 58ಕ್ಕೆ ಮಾರಿದರೆ ಹೋದದ್ದು 22, ವಾರಂಟಿ ಇರುವುದರಿಂದ ರಿಪೇರಿ ಅಷ್ಟಿಲ್ಲ. ಅದೇ ಮಾದರಿಯ ಏಳು ವರ್ಷದ, ದಾಖಲೆ ತುಂಬಿದ ಕಾರನ್ನು 48ಕ್ಕೆ ಕೊಂಡು 42ಕ್ಕೆ ಮಾರಿ, ನಡುವೆ ರಿಪೇರಿಗೆ 9 ಸುರಿದರೆ ಒಟ್ಟು 15. ದಾಖಲೆಯಿಲ್ಲದ ಮೂರನೆಯದು 40ಕ್ಕೇ ಸಿಗುತ್ತದೆ. ಹಿಂದಿನವರು ಮುಂದೂಡಿದ ಕ್ಲಚ್, ಬ್ರೇಕು, ಸಸ್ಪೆನ್ಷನ್ ಎಲ್ಲ ನಿಮ್ಮ ತಲೆಗೆ, 15. ಇತಿಹಾಸದ ತೂತು ಹಾಗೇ ಇರುವುದರಿಂದ ಮಾರುವಾಗ ಸಿಗುವುದು 35. ಒಟ್ಟು 20. ಎಂಟು ಕಡಿಮೆ ಕೊಟ್ಟು ಕೊಂಡ ಕಾರು ಕೊನೆಗೆ ಐದು ಹೆಚ್ಚು ತಿಂದಿತು. ವಿಮೆ ಮತ್ತು ಕಟ್ಟಿಹಾಕಿದ ಹಣದ ಬಡ್ಡಿ ಇದರ ಮೇಲೆ.

ಆದ್ದರಿಂದ ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಕಾಗದ, ಆಮೇಲೆ ಕಾರು. ಸರ್ವೀಸ್ ರಸೀದಿಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ ಕಿಲೋಮೀಟರು ಏರುತ್ತಲೇ ಇದೆಯೇ ನೋಡಿ. ನಂತರ ಆ ಬ್ರ್ಯಾಂಡಿನ ಪರಿಣತನಿಂದ, ಮಾರುವವನ ಮೆಕ್ಯಾನಿಕ್‌ನಿಂದಲ್ಲ, ಲಿಫ್ಟಿನ ಮೇಲೆ ತಪಾಸಣೆ. ತಪಾಸಣೆಗೆ ಬಿಡದ ಮಾಲೀಕನ ಜೊತೆ ವಾದ ಬೇಡ, ಬಿಟ್ಟು ಬನ್ನಿ. ವರದಿ ಬಂದ ಮೇಲೆ ಎರಡು ವರ್ಷದೊಳಗೆ ಬೇಕಾಗುವ ಕೆಲಸಗಳಿಗೆ ಲಿಖಿತ ಅಂದಾಜು ತರಿಸಿ, ಆ ಮೊತ್ತವನ್ನು ಒಳ್ಳೆಯ ಸ್ಥಿತಿಯ ಕಾರಿನ ಬೆಲೆಯಿಂದ ಕಳೆಯಿರಿ. ಅಂದಾಜಿನ ಕಾಗದ ಮೇಜಿನ ಮೇಲಿದ್ದರೆ ಚೌಕಾಸಿ ಬೇಗ ಮುಗಿಯುತ್ತದೆ. ಎಕ್ಸಾಸ್ಟ್, ಚಕ್ರ ಬದಲಿಸಿದ್ದರೆ ಮೂಲ ಭಾಗಗಳು ಕಾರಿನ ಜೊತೆ ಬರಲೇಬೇಕು, ಎರಡನೇ ಕೀಲಿಯೂ. ಇಂಜಿನ್ ಶಕ್ತಿ ಹೆಚ್ಚಿಸಲು ಸಾಫ್ಟ್‌ವೇರ್ ತಿದ್ದಿದ ಕಾರಿಗೆ ತಯಾರಕರ ವಿಸ್ತರಿತ ವಾರಂಟಿ ಸಿಗದೇ ಹೋಗಬಹುದು.

ಪ್ಲಗ್-ಇನ್ ಹೈಬ್ರಿಡ್ (ಇಂಜಿನ್ ಜೊತೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ) ಸೂಪರ್‌ಕಾರುಗಳಿಗೆ ಇದೇ ಸೂತ್ರವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. 2019ರಲ್ಲಿ ಬಂದ ಫೆರಾರಿ ಎಸ್‌ಎಫ್90, ಅಷ್ಟು ಶಕ್ತಿಶಾಲಿಯಾಗಿದ್ದೂ, ಬಳಸಿದ ಕಾರುಗಳ ಮಾರುಕಟ್ಟೆಯಲ್ಲಿ ಪಟ್ಟಿ ಬೆಲೆಗಿಂತ ಬಹಳ ಕೆಳಗೆ ಇಳಿಯಿತು. ಹೆಚ್ಚಿನ ವೋಲ್ಟೇಜಿನ ಬ್ಯಾಟರಿ ವಾರಂಟಿಯಿಂದ ಹೊರಗೆ ಬಂದ ದಿನ ಏನಾಗುತ್ತದೆ ಎಂಬ ಲೆಕ್ಕ ಕೊಳ್ಳುವವರ ತಲೆಯಲ್ಲಿ ಈಗಾಗಲೇ ಓಡುತ್ತಿದೆ. ಇಂಥ ಕಾರು ಬೇಕೇ ಬೇಕೆಂದರೆ ಬ್ಯಾಟರಿ ವಾರಂಟಿ ಎಷ್ಟು ತಿಂಗಳು ಉಳಿದಿದೆ, ಹಣ ಕಟ್ಟಿ ಮುಂದುವರಿಸಲು ಬರುತ್ತದೆಯೇ, ಅದು ನಿಮ್ಮಿಂದ ಮುಂದಿನವರಿಗೆ ವರ್ಗಾವಣೆಯಾಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ನೀವು ಮಾರುವ ತಾರೀಕನ್ನು ಆ ವಾರಂಟಿ ಮುಗಿಯುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಇಟ್ಟುಕೊಳ್ಳಿ.