ಮರ್ಡರರ್ಸ್ ರೋ: ಬಾಕ್ಸಿಂಗ್ ಚಾಂಪಿಯನ್‌ಗಳು ತಪ್ಪಿಸಿಕೊಂಡು ಓಡಾಡಿದ ಸಾಲು

‘ಮರ್ಡರರ್ಸ್ ರೋ’ ಅಂದರೆ ಕೊಲೆಗಡುಕರ ಸಾಲು. ಆದರೆ ಬಾಕ್ಸಿಂಗ್‌ನಲ್ಲಿ ಈ ಹೆಸರು ಹೊತ್ತ ಎಂಟು ಜನ ಕೊಲೆಗಡುಕರಲ್ಲ. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಊರೂರು ಸುತ್ತಿ, ಸಿಕ್ಕ ದುಡ್ಡಿಗೆ ರಿಂಗ್ ಹತ್ತಿದ ಕಪ್ಪು ಬಾಕ್ಸರ್‌ಗಳು. ತಮ್ಮ ತೂಕದಲ್ಲಿ ಜಗತ್ತಿನ ಮುಂಚೂಣಿ ಸ್ಪರ್ಧಿಗಳು. ಇವರಲ್ಲಿ ಒಬ್ಬನಿಗೂ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ ಸಿಗಲಿಲ್ಲ. ಆಡಿ ಸೋತರು ಅಂತಲ್ಲ. ಆಡೋಕೇ ಬಿಡಲಿಲ್ಲ.

ಮೊದಲು ಪದದ ಕತೆ ನೋಡೋಣ. ನ್ಯೂಯಾರ್ಕ್‌ನಲ್ಲಿ ‘ದಿ ಟೂಂಬ್ಸ್’ ಅಂತ ಕರೆಯುತ್ತಿದ್ದ ಹಳೆಯ ಜೈಲಿತ್ತು. ಕೊಲೆ ಆರೋಪ ಹೊತ್ತವರನ್ನು ಇಡುತ್ತಿದ್ದ ಅಲ್ಲಿನ ಕೋಣೆಗಳ ಸಾಲಿಗೆ ಈ ಹೆಸರಿತ್ತು. ಅಲ್ಲಿಂದ ಮಾತು ಬೇಸ್‌ಬಾಲ್‌ಗೆ ಹೋಯಿತು. ಬೇಬ್ ರೂತ್, ಲೂ ಗೆರಿಗ್ ಇದ್ದ 1927ರ ನ್ಯೂಯಾರ್ಕ್ ಯಾಂಕೀಸ್ ತಂಡದ ಬ್ಯಾಟಿಂಗ್ ಸಾಲನ್ನು ಜನ ಹೀಗೆ ಕರೆದರು. ಚೆಂಡೆಸೆಯುವ ಎದುರಾಳಿಗೆ ಉಸಿರಾಡಲು ಬಿಡದ ಸಾಲು ಅಂತ ಅರ್ಥ. ಬಾಕ್ಸಿಂಗ್‌ನ ಈ ಎಂಟು ಜನರಿಗೆ ಅದೇ ಹೆಸರು ಕೊಟ್ಟವರು ಬಡ್ ಶುಲ್‌ಬರ್ಗ್ ಎಂಬ ಲೇಖಕ. ‘ಬ್ಲ್ಯಾಕ್ ಮರ್ಡರರ್ಸ್ ರೋ’ ಅನ್ನುವುದು ಪೂರ್ತಿ ಹೆಸರು.

ಒಂದು ವ್ಯತ್ಯಾಸ ಗಮನಿಸಿ. ಬೇಸ್‌ಬಾಲ್‌ನಲ್ಲಿ ಈ ಬಿರುದು ಪಡೆದವರು ಕಪ್ ಗೆದ್ದರು, ಹೆಸರು ಮಾಡಿದರು. ಬಾಕ್ಸಿಂಗ್‌ನಲ್ಲಿ ಇದೇ ಬಿರುದು ಪಡೆದವರ ಕೈ ಖಾಲಿಯೇ ಉಳಿಯಿತು. ಒಂದು ಕಡೆ ಹೊಗಳಿಕೆಯಾದ ಪದ ಇನ್ನೊಂದು ಕಡೆ ಶಿಕ್ಷೆಯ ಹೆಸರಾಯಿತು. ಚೆನ್ನಾಗಿ ಆಡಿದ್ದಕ್ಕೆ ಸಿಕ್ಕ ಶಿಕ್ಷೆ.

ಆ ಎಂಟು ಹೆಸರುಗಳು ಇವು: ಚಾರ್ಲಿ ಬರ್ಲಿ, ಹೋಲ್ಮನ್ ವಿಲಿಯಮ್ಸ್, ಕೋಕೋ ಕಿಡ್, ಲಾಯ್ಡ್ ಮಾರ್ಷಲ್, ಎಡ್ಡಿ ಬೂಕರ್, ಜ್ಯಾಕ್ ಚೇಸ್, ಬರ್ಟ್ ಲೈಟೆಲ್, ಆರನ್ ವೇಡ್. ಹೆಚ್ಚಿನವರು ವೆಲ್ಟರ್‌ವೇಟ್, ಮಿಡಲ್‌ವೇಟ್ ತೂಕದವರು. ಕೆಲವರು ಆರ್ಚಿ ಮೂರ್‌ನನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ಅವನ ವಿಷಯಕ್ಕೆ ಆಮೇಲೆ ಬರೋಣ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜೋ ಲೂಯಿಸ್ 1937ರಲ್ಲೇ ಹೆವಿವೇಟ್ ಚಾಂಪಿಯನ್ ಆಗಿದ್ದ. ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಒಂದೇ ಸಮಯಕ್ಕೆ ಮೂರು ತೂಕದ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಇಟ್ಟುಕೊಂಡಿದ್ದ. ಇಬ್ಬರೂ ಕಪ್ಪು ಬಾಕ್ಸರ್‌ಗಳೇ ಅಲ್ವಾ? ಹಾಗಾದರೆ ಈ ಎಂಟು ಜನರಿಗೆ ಮಾತ್ರ ಬಾಗಿಲು ಯಾಕೆ ಮುಚ್ಚಿತು?

ಬಾಗಿಲಿಗೆ ಒಂದೇ ಬೀಗ ಇರಲಿಲ್ಲ. ಬಣ್ಣದ ಗೋಡೆಯಂತೂ ಇದ್ದೇ ಇತ್ತು. ಟೆಕ್ಸಸ್‌ನಂಥ ರಾಜ್ಯದಲ್ಲಿ ಕಪ್ಪು ಮತ್ತು ಬಿಳಿ ಬಾಕ್ಸರ್ ಒಂದೇ ರಿಂಗ್‌ನಲ್ಲಿ ಆಡುವುದನ್ನು ಕಾನೂನೇ ತಡೆದಿತ್ತು. ಕೋರ್ಟ್ ಅದನ್ನು ತೆಗೆದುಹಾಕಿದ್ದು 1954ರಲ್ಲಿ. ಅದರ ಜೊತೆಗೆ ಮ್ಯಾನೇಜರ್‌ಗಳ ಲೆಕ್ಕ. ಚಾಂಪಿಯನ್‌ನ ಬೆಲ್ಟ್ ಅಂದರೆ ಅವನ ಮ್ಯಾನೇಜರ್‌ಗೆ ದಿನಾ ಹಾಲು ಕೊಡುವ ಹಸು. ಬರ್ಲಿಯಂಥವನ ಎದುರು ಆಡಿಸಿದರೆ ಬೆಲ್ಟ್ ಹೋಗುವ ಭಯ ಜಾಸ್ತಿ, ಟಿಕೆಟ್ ಮಾರಿ ಬರುವ ದುಡ್ಡು ಕಡಿಮೆ. ಹಾಗಿದ್ದ ಮೇಲೆ ಯಾರು ತಾನೇ ಆಡಿಸುತ್ತಾರೆ? ಬಾಕ್ಸಿಂಗ್ ಮಂದಿ ಇದಕ್ಕೆ ‘ಡಕ್ಕಿಂಗ್’ ಅನ್ನುತ್ತಾರೆ. ರಿಂಗ್ ಒಳಗೆ ಡಕ್ ಮಾಡುವುದು ಅಂದರೆ ತಲೆ ಬಗ್ಗಿಸಿ ಗುದ್ದು ತಪ್ಪಿಸುವುದು. ರಿಂಗ್ ಹೊರಗೆ ಅದು ಪಂದ್ಯವನ್ನೇ ತಪ್ಪಿಸುವುದು.

ಮೂರನೆಯದು ಭೂಗತ ಲೋಕದ ಹಿಡಿತ. ಅದು ಎಷ್ಟು ಬಿಗಿ ಇತ್ತು ಅನ್ನೋಕೆ ಜೇಕ್ ಲಾಮೊಟ್ಟಾ ಒಬ್ಬನ ಮಾತು ಸಾಕು. ಅವನು ಬಿಳಿಯ, ಜನ ಮೆಚ್ಚಿದ ಆಟಗಾರ, ಮಿಡಲ್‌ವೇಟ್‌ನ ದೊಡ್ಡ ಹೆಸರು. 1947ರಲ್ಲಿ ಬಿಲ್ಲಿ ಫಾಕ್ಸ್ ಎದುರಿನ ಪಂದ್ಯವನ್ನು ಬೇಕಂತಲೇ ಸೋತೆ, ಚಾಂಪಿಯನ್‌ಶಿಪ್ ಪಂದ್ಯ ಸಿಗಲಿ ಅಂತ ಹಾಗೆ ಮಾಡಿದೆ ಎಂದು 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವನೇ ಒಪ್ಪಿಕೊಂಡ. ಅಂಥವನಿಗೇ ಈ ಗತಿಯಾದರೆ ಹಿಂದೆ ಮುಂದೆ ಯಾರೂ ಇಲ್ಲದ ಕಪ್ಪು ಬಾಕ್ಸರ್ ಕತೆ ಏನು? ಒಂದು ಮಾತು ಲಾಮೊಟ್ಟಾ ಪರವಾಗಿಯೂ ಹೇಳಲೇಬೇಕು. ಇವರಲ್ಲಿ ವಿಲಿಯಮ್ಸ್, ಲೈಟೆಲ್, ಮಾರ್ಷಲ್ ಮೂವರ ಎದುರೂ ಅವನು ರಿಂಗ್‌ಗೆ ಇಳಿದ. ಮಾರ್ಷಲ್ ಕೈಯಲ್ಲಿ ಸೋತ ಕೂಡ. ಬೇರೆಯವರು ಅಷ್ಟು ದೂರವೂ ಬರಲಿಲ್ಲ.

ನಾಲ್ಕನೆಯ ಬೀಗದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಯುದ್ಧ. ಮಿಡಲ್‌ವೇಟ್ ಚಾಂಪಿಯನ್ ಟೋನಿ ಝೇಲ್ 1942ರಲ್ಲಿ ನೌಕಾಪಡೆ ಸೇರಿದ. ವೆಲ್ಟರ್‌ವೇಟ್ ಚಾಂಪಿಯನ್ ಫ್ರೆಡ್ಡಿ ಕಾಕ್ರೇನ್ ಕೂಡ ಸೇರಿದ. ಸೇವೆಯಲ್ಲಿ ಇರುವವರೆಗೆ ಅವರ ಬೆಲ್ಟ್ ಹಾಗೇ ಇರಲಿ ಅಂತ ತೀರ್ಮಾನವಾಯಿತು. ಎರಡೂ ಬೆಲ್ಟ್ ಮತ್ತೆ ಪಣಕ್ಕೆ ಬಂದದ್ದು 1946ರಲ್ಲಿ. ಯೋಧರಿಗೆ ಸಲ್ಲಿಸಿದ ಗೌರವ ಅದು, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಆ ನಾಲ್ಕು ವರ್ಷಗಳೇ ಈ ಸಾಲಿನ ಹೆಚ್ಚಿನವರ ಮೈಯಲ್ಲಿ ಕಸುವು ತುಂಬಿದ್ದ ಕಾಲ. ಬಾಕ್ಸರ್ ಬದುಕಿನಲ್ಲಿ ಇಪ್ಪತ್ತಾರರಿಂದ ಮೂವತ್ತರ ವಯಸ್ಸನ್ನು ತಿರುಗಿ ಕೊಡೋಕೆ ಯಾರಿಂದಲೂ ಆಗದು.

ಆಗ ಇವರು ಏನು ಮಾಡಿದರು? ಒಬ್ಬರ ಮೇಲೆ ಒಬ್ಬರು ಆಡಿದರು. ಬೇರೆ ದಾರಿ ಇರಲಿಲ್ಲ. ಬರ್ಲಿ ಮತ್ತು ವಿಲಿಯಮ್ಸ್ ಏಳು ಸಲ ಎದುರಾದರು. ತಲಾ ಮೂರು ಗೆಲುವು, ಒಂದು ಪಂದ್ಯಕ್ಕೆ ಫಲಿತಾಂಶವಿಲ್ಲ. ವಿಲಿಯಮ್ಸ್ ಮತ್ತು ಕೋಕೋ ಕಿಡ್ ಹದಿಮೂರು ಸಲ ಆಡಿದರು. ಹದಿಮೂರು! ಹೀಗೆ ಆಡಿ ಆಡಿ ಒಬ್ಬರ ದಾಖಲೆಯನ್ನು ಇನ್ನೊಬ್ಬರು ಹಾಳು ಮಾಡಿಕೊಂಡರು. ಇವತ್ತು ಸುಮ್ನೆ ಅಂಕಿ ನೋಡುವವರಿಗೆ ‘ಇಷ್ಟೊಂದು ಸೋಲು ಇದೆಯಲ್ಲ’ ಅನ್ನಿಸುತ್ತದೆ. ಸೋಲಿಸಿದವರು ಯಾರು ಅಂತ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಈಗ ಬರ್ಲಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹುಟ್ಟಿದ್ದು 1917ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದು ಹೆಸರು ಮಾಡಿದ್ದು ಪಿಟ್ಸ್‌ಬರ್ಗ್‌ನಲ್ಲಿ. 1936ರಲ್ಲಿ ಹಿಟ್ಲರ್ ಆಳುತ್ತಿದ್ದ ಬರ್ಲಿನ್‌ನ ಒಲಿಂಪಿಕ್ಸ್ ಬೇಡ ಅಂದು, ಅದಕ್ಕೆ ವಿರುದ್ಧವಾಗಿ ಬಾರ್ಸಿಲೋನಾದಲ್ಲಿ ನಡೆಯಬೇಕಿದ್ದ ಜನರ ಒಲಿಂಪಿಕ್ಸ್‌ಗೆ ಹೊರಟ. ಅಷ್ಟರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು, ಕೂಟವೇ ರದ್ದಾಯಿತು. ಹದಿನೆಂಟರ ಹುಡುಗ ಬರಿಗೈಲಿ ವಾಪಸಾದ.

ವೃತ್ತಿ ಬಾಕ್ಸಿಂಗ್‌ಗೆ ಬಂದ ಮೇಲೆ ಅದೇ ಊರಿನ ಫ್ರಿಟ್ಜಿ ಜಿವಿಕ್ ಜೊತೆ ಮೂರು ಸಲ ಆಡಿ ಎರಡು ಸಲ ಗೆದ್ದ. 1940ರಲ್ಲಿ ಅದೇ ಜಿವಿಕ್ ಆರ್ಮ್‌ಸ್ಟ್ರಾಂಗ್‌ನನ್ನು ಸೋಲಿಸಿ ವೆಲ್ಟರ್‌ವೇಟ್ ಚಾಂಪಿಯನ್ ಆದ. ಬರ್ಲಿಗೆ ಮಾತ್ರ ಕರೆ ಬರಲಿಲ್ಲ. ಜಿವಿಕ್ ಕಡೆಯವರು ಬರ್ಲಿಯ ಕಾಂಟ್ರಾಕ್ಟನ್ನೇ ಕೊಂಡುಕೊಂಡು, ಎದುರಾಳಿಯೇ ಇಲ್ಲದ ಹಾಗೆ ಮಾಡಿದರು ಅನ್ನುವ ಮಾತು ಬಾಕ್ಸಿಂಗ್ ವಲಯದಲ್ಲಿ ಇವತ್ತಿಗೂ ಓಡಾಡುತ್ತದೆ. 1942ರಲ್ಲಿ ಬರ್ಲಿ ತನಗಿಂತ ಸುಮಾರು ಎಪ್ಪತ್ತು ಪೌಂಡ್ ಹೆಚ್ಚು ತೂಕದ ಜೆ.ಡಿ. ಟರ್ನರ್ ಎಂಬ ಹೆವಿವೇಟ್ ಜೊತೆ ಆಡಿ ಆರನೇ ರೌಂಡ್‌ಗೆ ಪಂದ್ಯ ಮುಗಿಸಿದ. ತನ್ನ ತೂಕದವರು ಸಿಗದೆ ಇದ್ದಾಗ ಮನುಷ್ಯ ಇನ್ನೇನು ಮಾಡಬೇಕು?

1944ರ ಏಪ್ರಿಲ್‌ನಲ್ಲಿ ಹಾಲಿವುಡ್‌ನಲ್ಲಿ ಆರ್ಚಿ ಮೂರ್ ಎದುರು ಆಡಿದ ಪಂದ್ಯವಿದೆಯಲ್ಲ, ಅದು ಬರ್ಲಿಯ ಆಟಕ್ಕೆ ಕನ್ನಡಿ. ಆಗ ಅವನು ಸ್ಯಾನ್ ಡಿಯಾಗೋದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೊನೆ ಗಳಿಗೆಯಲ್ಲಿ ಕರೆ ಬಂತು. ಸರಿಯಾದ ತಯಾರಿ ಇಲ್ಲದೆ ಹೋಗಿ, ತನಗಿಂತ ದಪ್ಪ ಆಳಾದ ಮೂರ್‌ನನ್ನು ಒಂದಲ್ಲ, ಹಲವು ಸಲ ನೆಲಕ್ಕೆ ಕೆಡವಿ ಹತ್ತು ರೌಂಡ್‌ನ ಪಂದ್ಯ ಗೆದ್ದ. ಮುಂದೆ ರಾಕಿ ಮಾರ್ಸಿಯಾನೊ, ಮೊಹಮ್ಮದ್ ಅಲಿ ಇಬ್ಬರ ಎದುರೂ ಆಡಿದ ಮೂರ್, ತಾನು ಎದುರಿಸಿದ ಅತ್ಯುತ್ತಮ ಬಾಕ್ಸರ್ ಯಾರು ಅಂದರೆ ಬರ್ಲಿ ಹೆಸರು ಹೇಳುತ್ತಿದ್ದ.

ಬರ್ಲಿ ಸುಮಾರು ನೂರು ಪಂದ್ಯ ಆಡಿದ. ಒಂದರಲ್ಲೂ ನಾಕೌಟ್ ಆಗಲಿಲ್ಲ. ಅಷ್ಟರಲ್ಲಿ ಫಿಲ್ಮ್ ಆಗಿ ಉಳಿದದ್ದು ಒಂದೇ ಒಂದು: 1946ರಲ್ಲಿ ಓಕ್‌ಲ್ಯಾಂಡ್ ಬಿಲ್ಲಿ ಸ್ಮಿತ್ ಎದುರಿನದು. ಸಿಕ್ಕರೆ ನೋಡಿ. ಕೈಗಳನ್ನು ಕೆಳಗೆ ಬಿಟ್ಟು ನಿಲ್ಲುತ್ತಾನೆ, ಏನೋ ಮಾತಿಗೆ ನಿಂತವನ ಹಾಗೆ. ಗುದ್ದು ಬರುವ ಹೊತ್ತಿಗೆ ತಲೆ ಅಲ್ಲಿರುವುದಿಲ್ಲ. ಹಿಂದೆ ಸರಿಯುತ್ತಾ ಸರಿಯುತ್ತಾ, ಎದುರಾಳಿ ಊಹಿಸದ ಕಡೆಯಿಂದ ತಿರುಗಿ ಗುದ್ದುತ್ತಾನೆ. ಚಾಂಪಿಯನ್‌ಗಳ ಮ್ಯಾನೇಜರ್‌ಗಳು ಯಾಕೆ ಹೆದರಿದರು ಅಂತ ಎರಡು ರೌಂಡ್ ನೋಡಿದರೆ ಅರ್ಥವಾಗುತ್ತದೆ.

ರಿಂಗ್ ಬಿಟ್ಟ ಮೇಲೆ ಬರ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಸದ ಲಾರಿಯ ಕೆಲಸ ಮಾಡಿದ.

ಉಳಿದವರದ್ದೂ ಇದೇ ಧಾಟಿ. ಮಾರ್ಷಲ್‌ಗೆ ಬೆಲ್ಟ್ ಸಿಗಲಿಲ್ಲ, ಆದರೆ ಅವನ ಹತ್ತಿರ ಸೋತವರಿಗೆ ಸಿಕ್ಕಿತು. ಎಝರ್ಡ್ ಚಾರ್ಲ್ಸ್, ಜೇಕ್ ಲಾಮೊಟ್ಟಾ, ಜೋಯಿ ಮ್ಯಾಕ್ಸಿಮ್, ಫ್ರೆಡ್ಡಿ ಮಿಲ್ಸ್. ನಾಲ್ವರನ್ನೂ ಮಾರ್ಷಲ್ ಸೋಲಿಸಿದ್ದ, ನಾಲ್ವರೂ ಆಮೇಲೆ ವಿಶ್ವ ಚಾಂಪಿಯನ್ ಆದರು. ಕೋಕೋ ಕಿಡ್‌ನ ಕತೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು. ಪೋರ್ಟೊ ರಿಕೊದಲ್ಲಿ ಹುಟ್ಟಿದ ಅವನ ನಿಜ ಹೆಸರು ಹರ್ಬರ್ಟ್ ಲೂಯಿಸ್ ಹಾರ್ಡ್‌ವಿಕ್. ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದ. ತಿಂದ ಏಟುಗಳು ಕೊನೆಗೆ ನೆನಪನ್ನೇ ತಿಂದವು. 1950ರ ದಶಕದಲ್ಲಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಮನೆಯಿಲ್ಲದೆ ಅಲೆಯುತ್ತಿದ್ದ, ತಾನು ಯಾರು ಅನ್ನುವುದೂ ಗೊತ್ತಿರಲಿಲ್ಲ. ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದ ಕಾರಣ ಬೆರಳಚ್ಚು ದಾಖಲೆಯಲ್ಲಿತ್ತು. ಅದರಿಂದ ಗುರುತು ಹಿಡಿದರು. 1966ರಲ್ಲಿ ತೀರಿಕೊಂಡ.

ಎಡ್ಡಿ ಬೂಕರ್ ಆರ್ಚಿ ಮೂರ್ ಜೊತೆ ಎರಡು ಸಲ ಸಮ ಮಾಡಿಕೊಂಡು, ಮೂರನೇ ಸಲ 1944ರ ಶುರುವಿನಲ್ಲಿ ಎಂಟನೇ ರೌಂಡ್‌ಗೇ ಅವನನ್ನು ನಿಲ್ಲಿಸಿದ. ಆಗಲೇ ಕಣ್ಣು ಹಾಳಾಗಿತ್ತು. ಅದೇ ವರ್ಷ ಆಟ ಬಿಡಬೇಕಾಯಿತು. ಮೂವತ್ತೂ ತುಂಬಿರಲಿಲ್ಲ.

ಆರ್ಚಿ ಮೂರ್ ಈ ಸಾಲಿನಿಂದ ಆಚೆ ದಾಟಿ ಹೋದವನು. ಹೇಗೆ ದಾಟಿದ? ಕಾದು ಕಾದು. ಆಟ ಶುರು ಮಾಡಿದ್ದು 1930ರ ದಶಕದಲ್ಲಿ, ಲೈಟ್ ಹೆವಿವೇಟ್ ಚಾಂಪಿಯನ್‌ಶಿಪ್ ಪಂದ್ಯ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ. ಅದಕ್ಕೂ ಬೆಲೆ ತೆತ್ತ. ಚಾಂಪಿಯನ್ ಮ್ಯಾಕ್ಸಿಮ್‌ಗೆ ಒಂದು ಲಕ್ಷ ಡಾಲರ್ ಖಾತ್ರಿ ಕೊಡಬೇಕಿತ್ತು. ಗೆದ್ದ ಮೂರ್ ಕೈಗೆ ಬಂದದ್ದು 800 ಡಾಲರ್ ಅಂತ ದಾಖಲಾಗಿದೆ.

ಇನ್ನು ಹಾಲ್ ಆಫ್ ಫೇಮ್ ವಿಷಯ, ಅಂದರೆ ಆಟದ ದೊಡ್ಡವರ ಹೆಸರು ಸೇರಿಸಿ ಗೌರವಿಸುವ ಜಾಗ. ಬಾಕ್ಸಿಂಗ್‌ನಲ್ಲಿ ಈ ಪದ ಕೇಳಿದರೆ ಮೊದಲು ನೆನಪಾಗುವುದು ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಎಂಬ ಸಣ್ಣ ಊರು. ಚಾಂಪಿಯನ್ ಕಾರ್ಮೆನ್ ಬೆಸಿಲಿಯೊನ ಹುಟ್ಟೂರು ಅದು. ಅಲ್ಲಿನ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಹಾಲ್ ಆಫ್ ಫೇಮ್ 1990ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಬಾಕ್ಸಿಂಗ್ ಬರಹಗಾರರು, ಇತಿಹಾಸಕಾರರು ಮತ ಹಾಕುತ್ತಾರೆ. ಮತ ಹಾಕುವವರ ಕಣ್ಣು ಮೊದಲು ಹೋಗುವುದು ಎಲ್ಲಿಗೆ? ಎಷ್ಟು ಬೆಲ್ಟ್, ಎಷ್ಟು ಸಲ ಉಳಿಸಿಕೊಂಡ, ಯಾವ ದೊಡ್ಡ ಪಂದ್ಯ. ಈ ಸಾಲಿನವರಿಂದ ಕಸಿದುಕೊಂಡದ್ದೂ ಅದನ್ನೇ. ಬಾಗಿಲಲ್ಲಿ ತಡೆದು, ಆಮೇಲೆ ‘ನೀನು ಒಳಗೆ ಬರಲೇ ಇಲ್ಲವಲ್ಲ’ ಅಂದ ಹಾಗೆ.

ಹಾಗಾಗಿ ತಡವಾಯಿತು. ಬರ್ಲಿ ಹೆಸರು ಸೇರಿದ್ದು 1992ರಲ್ಲಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ. ವಿಲಿಯಮ್ಸ್ 1967ರಲ್ಲಿ ಬೆಂಕಿ ಅನಾಹುತದಲ್ಲಿ ಸತ್ತಿದ್ದ, ಹೆಸರು ಸೇರಿದ್ದು 2008ರಲ್ಲಿ. ಮಾರ್ಷಲ್ 2010, ಕೋಕೋ ಕಿಡ್ 2012. ಬೂಕರ್ 2017ರಲ್ಲಿ, ಅಂದರೆ ಕೊನೆಯ ಪಂದ್ಯವಾಗಿ 73 ವರ್ಷದ ಮೇಲೆ. ಐವರಲ್ಲಿ ನಾಲ್ವರಿಗೆ ಈ ಗೌರವ ಬಂದಾಗ ಅವರು ಬದುಕಿರಲಿಲ್ಲ.

ಚೇಸ್, ಲೈಟೆಲ್, ವೇಡ್ ಮೂವರ ಹೆಸರು ನಾನು ಇದನ್ನು ಬರೆಯುವ ಹೊತ್ತಿಗೂ ಆ ಗೋಡೆಯ ಮೇಲೆ ಇಲ್ಲ. ಮೂವರೂ ಬರ್ಲಿ ಮಟ್ಟದವರು ಅಂತ ನಾನು ಹೇಳುವುದಿಲ್ಲ. ವೇಡ್ ಬಗ್ಗೆ ವಾದ ಮಾಡಬಹುದು. ಗಿಡ್ಡ ಆಳು, ಗುದ್ದಿನಲ್ಲಿ ಬಲ ಇತ್ತು, ಆದರೆ ಏಳುಬೀಳು ಹೆಚ್ಚು. ಲೈಟೆಲ್ ಎಡಗೈ ಬಾಕ್ಸರ್, ಅಂದರೆ ದೂರ ಇಡೋಕೆ ಇನ್ನೊಂದು ನೆಪ. ಜ್ಯಾಕ್ ಚೇಸ್ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ. 1943ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಮಿಡಲ್‌ವೇಟ್ ಬೆಲ್ಟನ್ನು ಆರ್ಚಿ ಮೂರ್‌ಗೆ ಸೋತ. ಮೂರೇ ತಿಂಗಳಲ್ಲಿ ಅದೇ ಮೂರ್ ಎದುರು ಹದಿನೈದು ರೌಂಡ್ ಆಡಿ ವಾಪಸ್ ಗೆದ್ದ. ಹಾಲ್ ಆಫ್ ಫೇಮ್‌ನ ಮೊದಲ ತಂಡದಲ್ಲೇ ಜಾಗ ಪಡೆದವನು ಮೂರ್. ಅವನನ್ನು ಹದಿನೈದು ರೌಂಡ್‌ನಲ್ಲಿ ಸೋಲಿಸಿದ ಚೇಸ್‌ನ ಹೆಸರು ಇನ್ನೂ ಹೊರಗೆ ನಿಂತಿದೆ.